ಮಹಾಕವಿ ರಾಘವಾಂಕನೂ ಲೋಕದ ಅನ್ಯಾಯವೂ

ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸಂಗಮಿಸಿ, ತುಂಗಭದ್ರೆಯೆಂಬ ಒಂದೇ ಹೆಸರನ್ನು ತಾಳಿ, ಹೊಳಲೂರು ಹೊನ್ನಾಳಿಗಳ ಸೀಮೆಯನ್ನು ಹಾದು, ಹರಿಹರ ಕ್ಷೇತ್ರವನ್ನು ಸೋಂಕಿ, ಮುಂದೆ ಹಂಪೆಯ ವಿರೂಪಾಕ್ಷನ ಸನ್ನಿಧಿಯನ್ನು ಸೇರುತ್ತವೆ. ಶಿವಮೊಗ್ಗೆಯ ಸೀಮೆಯ ಭಕ್ತರು ಅಗ್ಘವಣಿಯೆಂದು ತುಂಬಿಕೊಳ್ಳುವ ಆ ನೀರೇ ಎಂಟು ಶತಮಾನಗಳ ಹಿಂದೆ ಹಂಪೆಯ ತಡಿಯಲ್ಲಿ ಒಬ್ಬ ಮಹಾಕವಿಯನ್ನು ಸಾಕಿ ಸಲಹಿತು. ಆತನೇ ಷಟ್ಪದಿಗೆ ಕಾವ್ಯಸಿಂಹಾಸನವನ್ನು ಕೊಟ್ಟ ರಾಘವಾಂಕ. ಶರಣರು ವಚನಗಳಲ್ಲಿ ಲೋಕದ ಮುಂದಿಟ್ಟ ಪ್ರಶ್ನೆಯೊಂದನ್ನು ಕಥಾರೂಪದಲ್ಲಿ ಮತ್ತೆ ಲೋಕದ ಮುಂದಿಟ್ಟ ಪುಣ್ಯ ಆತನದು. ಆ ಪ್ರಶ್ನೆಯೇನು, ಅದನ್ನು ಕೇಳಿದ ಕವಿಯ ಬಾಳು ಎಂತಹುದು ಎಂಬುದು ಭಕ್ತರೆಲ್ಲರೂ ಅರಿತಿರಬೇಕಾದ ವಿಷಯ.

ಸಾಹಿತ್ಯವು ಲೋಕಕ್ಕೆ ಹಿಡಿದ ಕನ್ನಡಿಯೆಂದು ಬಲ್ಲವರು ಹೇಳುತ್ತಾರೆ. ಆದರೆ ಕನ್ನಡಿಯಲ್ಲಿ ಎರಡು ಬಗೆ. ದುಷ್ಟನ ಮುಖವನ್ನು ಮಾತ್ರ ತೋರಿಸುವ ಕನ್ನಡಿಯೊಂದು. ನೋಡುವವನು ಅದರಲ್ಲಿ ಪರರ ಕೊಳೆಯನ್ನು ಕಂಡು ತಾನು ಶುದ್ಧನೆಂದು ಸಂತೋಷಪಡುತ್ತಾನೆ. ಒಳ್ಳೆಯವನ ಮುಖದ ಮೇಲಿರುವ ಕೊಳೆಯನ್ನೂ ತೋರಿಸುವ ಕನ್ನಡಿ ಇನ್ನೊಂದು. ಅದರ ಮುಂದೆ ನಿಲ್ಲುವುದು ಎಲ್ಲರಿಗೂ ಸಾಧ್ಯವಿಲ್ಲ. ರಾವಣನ ಅಹಂಕಾರವನ್ನೂ ದುರ್ಯೋಧನನ ರಾಜ್ಯಲೋಭವನ್ನೂ ವರ್ಣಿಸಿದ ಕವಿಗಳು ಅನೇಕರು. ಸತ್ಯವಂತರಲ್ಲಿ ಅಗ್ರಗಣ್ಯನೆನಿಸಿದ ರಾಜನ ಮನಸ್ಸಿನಲ್ಲಿಯೂ ಕುಲಮದದ ಕಲೆಯೊಂದು ಉಳಿದಿತ್ತೆಂದು ತೋರಿಸಿದ ಕವಿಗಳು ವಿರಳ. ರಾಘವಾಂಕನು ಆ ವಿರಳರಲ್ಲಿ ಒಬ್ಬನು.

ಈತನ ತಂದೆ ಮಹಾದೇವಭಟ್ಟನು, ತಾಯಿ ರುದ್ರಾಣಿಯು. ರಗಳೆಯ ಕವಿಯೆಂದು ಪ್ರಸಿದ್ಧನಾದ ಹರಿಹರನು ರುದ್ರಾಣಿಯ ಒಡಹುಟ್ಟಿದವನು. ಆದುದರಿಂದ ರಾಘವಾಂಕನಿಗೆ ಸೋದರಮಾವನು. ಕವಿಯ ಕಾಲವನ್ನು ಕೆಲವು ವಿದ್ವಾಂಸರು 12ನೆಯ ಶತಮಾನದ ಉತ್ತರಾರ್ಧಕ್ಕೂ, ಮತ್ತೆ ಕೆಲವರು 13ನೆಯ ಶತಮಾನದ ಪೂರ್ವಾರ್ಧಕ್ಕೂ ಹೇಳುತ್ತಾರೆ. ಎರಡರಲ್ಲಿ ಯಾವುದನ್ನು ಹಿಡಿದರೂ ಒಂದು ಮಾತು ಸಿದ್ಧವಾಗಿದೆ: ಕಲ್ಯಾಣದಲ್ಲಿ ಶರಣರು ಹೊತ್ತಿಸಿದ ಜ್ಯೋತಿಯ ಬಿಸಿ ಇನ್ನೂ ಆರದಿದ್ದ ಕಾಲದಲ್ಲಿ ಈ ಕವಿಯು ಬಾಳಿದನು.

ಸೋದರಮಾವನಾದ ಹರಿಹರನು ರಾಘವಾಂಕನಿಗೆ ವಿದ್ಯಾಗುರುವೂ ದೀಕ್ಷಾಗುರುವೂ ಆಗಿದ್ದನು. ಹರಿಹರನ ಬಾಳೇ ಒಂದು ಪಾಠವಾಗಿತ್ತು. ಹೊಯ್ಸಳರ ದೋರಸಮುದ್ರದಲ್ಲಿ ಕರಣಿಕನಾಗಿ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದ ಆತನು ಅರಮನೆಯ ಅನ್ನವನ್ನೂ ಅಧಿಕಾರವನ್ನೂ ತೊರೆದು, ಹಂಪೆಗೆ ಬಂದು ವಿರೂಪಾಕ್ಷನ ಸೇವೆಯಲ್ಲಿ ನಿಂತನು. ಮನುಷ್ಯರನ್ನು ಹೊಗಳಿ ಹೊಟ್ಟೆ ಹೊರೆಯುವ ಕವಿತ್ವ ತನಗೆ ಬೇಡವೆಂದು ವ್ರತ ಹಿಡಿದನು. ಅಲ್ಲಿಯವರೆಗೆ ಕನ್ನಡದ ದೊಡ್ಡ ಕಾವ್ಯಗಳು ಬಹುಮಟ್ಟಿಗೆ ಚಂಪೂರೂಪದಲ್ಲಿ, ರಾಜಾಸ್ಥಾನದ ಪಂಡಿತರ ಕಿವಿಗಾಗಿ ರಚಿತವಾಗಿದ್ದುವು. ಗಿರಿಜಾಕಲ್ಯಾಣವೆಂಬ ಚಂಪುವನ್ನು ಬರೆದು ಆ ಮಾರ್ಗದಲ್ಲಿಯೂ ತಾನು ಸಮರ್ಥನೆಂದು ತೋರಿಸಿದ ಹರಿಹರನು, ಅದನ್ನು ಬಿಟ್ಟು ರಗಳೆಯನ್ನು ಹಿಡಿದು, ಶಿವಶರಣರ ಚರಿತ್ರೆಗಳನ್ನು ಸಾಮಾನ್ಯರ ಕಿವಿಗೂ ಎದೆಗೂ ಮುಟ್ಟುವಂತೆ ಹಾಡಿದನು. ಮಾದಾರ ಚೆನ್ನಯ್ಯನ ಗುಡಿಸಲಿನಲ್ಲಿ ಶಿವನು ಅಂಬಲಿಯನ್ನು ಸವಿದು, ಚೋಳರಾಜನ ಮೃಷ್ಟಾನ್ನದ ನೈವೇದ್ಯವನ್ನು ಮುಟ್ಟದೆ ಹೋದನೆಂಬ ಕಥೆ ಭಕ್ತರಿಗೆ ತಿಳಿದೇ ಇದೆ. ಆ ಚೆನ್ನಯ್ಯನನ್ನು ಹಾಡಿದ ಹರಿಹರನ ಮನೆಯಲ್ಲಿ ಬೆಳೆದ ಬಾಲಕನಿಗೆ ಶಿವನ ಕಣ್ಣಿಗೆ ಕುಲವಿಲ್ಲವೆಂಬ ಮಾತು ಎಳವೆಯಲ್ಲಿಯೇ ಕಿವಿಗೆ ಬಿದ್ದಿರಬೇಕು.

ಆ ಮಾತಿನ ಬೆಲೆಯನ್ನು ಕಲ್ಯಾಣವು ರಕ್ತದಿಂದ ತೆತ್ತಿತ್ತು. ಬಸವಣ್ಣನವರ ಸನ್ನಿಧಿಯಲ್ಲಿ ಮಾದಾರನೂ ಬ್ರಾಹ್ಮಣನೂ, ಮಡಿವಾಳನೂ ಮಂತ್ರಿಯೂ ಸಮಾನಾಸನದಲ್ಲಿ ಕುಳಿತರು. ಶಿವಮೊಗ್ಗೆಯ ನಾಡಿನಿಂದಲೇ ಬಳ್ಳಿಗಾವೆಯ ಅಲ್ಲಮಪ್ರಭುಗಳೂ ಉಡುತಡಿಯ ಅಕ್ಕಮಹಾದೇವಿಯೂ ಆ ಗೋಷ್ಠಿಯನ್ನು ಸೇರಿದರು. ಸಮಗಾರ ಕುಲದಲ್ಲಿ ಹುಟ್ಟಿದ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ವಿವಾಹವಾದಾಗ ಲೋಕವು ಕೆರಳಿತು. ಬಿಜ್ಜಳನ ಆಜ್ಞೆಯಂತೆ ಹರಳಯ್ಯ ಮಧುವರಸರು ಕ್ರೂರಮರಣಕ್ಕೆ ಗುರಿಯಾದರು, ಶರಣರು ದಿಕ್ಕುಪಾಲಾದರು. 1167ರ ಸುಮಾರಿನ ಈ ವಿಪ್ಲವದ ನೆನಪು ಜನರ ಮನಸ್ಸಿನಲ್ಲಿ ಹಸಿಯಾಗಿದ್ದಾಗಲೇ ರಾಘವಾಂಕನು ಲೇಖನಿಯನ್ನು ಹಿಡಿದನು. ರಾಜನೊಬ್ಬನ ಎದುರಿನಲ್ಲಿ ಕುಲ ಮತ್ತು ವಿವಾಹಗಳ ಮಾತನ್ನು ಎತ್ತುವ ಸನ್ನಿವೇಶವು ಆತನ ಕಾವ್ಯದ ನಡುವಿನಲ್ಲಿಯೇ ಇದೆ. ಅದನ್ನು ಓದುವಾಗ ಕಲ್ಯಾಣದ ನೆನಪು ಬಾರದಿರುವುದು ಅಸಾಧ್ಯ.

ಗುರುವು ರಗಳೆಯನ್ನು ಆರಿಸಿಕೊಂಡಂತೆ ಶಿಷ್ಯನು ಷಟ್ಪದಿಯನ್ನು ಆರಿಸಿಕೊಂಡನು. ಆರು ಪಾದಗಳ ಈ ಬಂಧವು ದೇಶಿಯ ನೆಲದಲ್ಲಿ ಹುಟ್ಟಿದುದು. ಹಾಡುವುದಕ್ಕೂ ಹೌದು, ಕಥೆ ಹೇಳುವುದಕ್ಕೂ ಹೌದು. ಇಡಿಯ ಕಾವ್ಯವನ್ನು ಷಟ್ಪದಿಯಲ್ಲಿ ನಡೆಸಿ, ಅದು ಮಹಾಕಾವ್ಯದ ಭಾರವನ್ನು ಹೊರಬಲ್ಲುದೆಂದು ತೋರಿಸಿದ ಕೀರ್ತಿ ರಾಘವಾಂಕನದು. ಕುಮಾರವ್ಯಾಸನ ಭಾರತವಾಗಲಿ, ಚಾಮರಸನ ಪ್ರಭುಲಿಂಗಲೀಲೆಯಾಗಲಿ, ಲಕ್ಷ್ಮೀಶನ ಜೈಮಿನಿ ಭಾರತವಾಗಲಿ ಈತನು ಕಡಿದ ದಾರಿಯಲ್ಲಿಯೇ ಮುಂದೆ ನಡೆದು ಬಂದುವು. ಪಂಡಿತರ ಕೈಯಲ್ಲಿದ್ದ ಕಾವ್ಯವು ಹೀಗೆ ಊರ ಜಗಲಿಗೆ ಇಳಿಯಿತು. ಅನ್ಯಾಯದ ಮಾತು ಅನ್ಯಾಯಕ್ಕೆ ಒಳಗಾದವರ ಕಿವಿಯನ್ನೂ ಮುಟ್ಟಬೇಕಾದರೆ ಮೊದಲು ಆಗಬೇಕಾಗಿದ್ದ ಕಾರ್ಯ ಇದೇ.

ರಾಘವಾಂಕನ ಕೀರ್ತಿಗೆ ಶಿಖರಪ್ರಾಯವಾದುದು ವಾರ್ಧಕ ಷಟ್ಪದಿಯಲ್ಲಿರುವ ಹರಿಶ್ಚಂದ್ರ ಕಾವ್ಯ. ಕಥೆಯು ಪುರಾಣಪ್ರಸಿದ್ಧವಾದುದೇ. ದೇವೇಂದ್ರನ ಸಭೆಯಲ್ಲಿ ಭೂಲೋಕದ ಸತ್ಯಸಂಧನಾರೆಂಬ ಪ್ರಸ್ತಾಪ ಬಂದಾಗ ವಸಿಷ್ಠನು ಹರಿಶ್ಚಂದ್ರನ ಹೆಸರನ್ನು ಹೇಳಿದನು. ವಿಶ್ವಾಮಿತ್ರನು ಅದನ್ನು ಅಲ್ಲಗಳೆದನು. ಮಾತಿಗೆ ಮಾತು ಬೆಳೆದು ಪಂತವಾಯಿತು. ರಾಜನು ಸತ್ಯಕ್ಕೆ ತಪ್ಪಿದರೆ ವಸಿಷ್ಠನು ತನ್ನ ಋಷಿತನವನ್ನೇ ಬಿಡಬೇಕು. ತಪ್ಪದಿದ್ದರೆ ವಿಶ್ವಾಮಿತ್ರನು ತನ್ನ ತಪಸ್ಸಿನ ಅರ್ಧವನ್ನು ಅವನಿಗೆ ಕೊಡಬೇಕು. ಇಲ್ಲಿಯೇ ಕವಿಯು ಮನುಷ್ಯನ ಮಹತ್ವಾಕಾಂಕ್ಷೆಯ ಮೊದಲ ರೂಪವನ್ನು ತೋರಿಸುತ್ತಾನೆ. ರಾಜ್ಯವನ್ನು ತೊರೆದು, ಕಾಡನ್ನು ಸೇರಿ, ತಪಸ್ಸಿನಲ್ಲಿ ಮೈಯನ್ನು ದಂಡಿಸಿದವನಲ್ಲಿಯೂ ತಾನೇ ಗೆಲ್ಲಬೇಕೆಂಬ ಬಯಕೆ ಸಾಯಲಿಲ್ಲ. ಹೊನ್ನಿನ ಆಸೆ, ಮಣ್ಣಿನ ಆಸೆಗಳನ್ನು ಬಿಟ್ಟರೂ ಹಿರಿಮೆಯ ಆಸೆಯನ್ನು ಬಿಡುವುದು ಕಷ್ಟ. ಇಬ್ಬರು ಹಿರಿಯರ ಪಂತಕ್ಕೆ ಪಣವಾದವನು ಅಲ್ಲಿಲ್ಲದ ಮೂರನೆಯವನು. ಆ ಪಂತದ ಬೆಲೆಯನ್ನು ತೆತ್ತವರು ಅವನ ಹೆಂಡತಿ, ಮಗ ಮತ್ತು ಪ್ರಜೆಗಳು. ದೊಡ್ಡವರ ಹಟದಲ್ಲಿ ಸಣ್ಣವರು ನವೆಯುವುದು ಲೋಕದಲ್ಲಿ ಇಂದಿಗೂ ಕಾಣುವ ಸಂಗತಿಯೇ ಆಗಿದೆ.

ವಿಶ್ವಾಮಿತ್ರನು ಮೊದಲು ಯಾಗದ ನೆಪದಲ್ಲಿ ಅಪಾರವಾದ ಹೊನ್ನಿನ ದಾನವನ್ನು ಪಡೆದು, ಅದನ್ನು ರಾಜನಲ್ಲಿಯೇ ನ್ಯಾಸವಾಗಿ ಇರಿಸಿದನು. ಬಳಿಕ ಕಾಡಿನ ಮೃಗಪಕ್ಷಿಗಳನ್ನು ನಾಡಿನ ಬೆಳೆಯ ಮೇಲೆ ಬಿಟ್ಟು, ಬೇಟೆಗೆಂದು ಬಂದ ರಾಜನನ್ನು ತನ್ನ ಆಶ್ರಮದ ಸೀಮೆಗೆ ಸೆಳೆದನು. ಅಲ್ಲಿ ತನ್ನ ಕೋಪದಿಂದ ಇಬ್ಬರು ಅನಾಮಿಕ ಕನ್ಯೆಯರನ್ನು ಸೃಷ್ಟಿಸಿ ರಾಜನ ಬೀಡಿಗೆ ಕಳುಹಿದನು. ಅನಾಮಿಕರೆಂದರೆ ಹೆಸರಿಲ್ಲದವರು; ಲೋಕವು ಊರ ಹೊರಗೆ ಇರಿಸಿ ಮುಟ್ಟಬಾರದೆಂದು ವಿಧಿಸಿದವರು. ಆ ಕನ್ಯೆಯರ ಗಾನಕ್ಕೆ ರಾಜನು ಮನಸೋತನು. ಮೆಚ್ಚಿ ತೊಡವುಗಳನ್ನು ನೀಡಿದನು. ಅವರು ತೊಡವನ್ನು ಒಲ್ಲದೆ ಮುತ್ತಿನ ಸತ್ತಿಗೆಯನ್ನು ಕೇಳಿದರು. ವಂಶಪಾರಂಪರ್ಯವಾಗಿ ಬಂದ ರಾಜಚಿಹ್ನೆಯನ್ನು ಕೊಡಲಾಗದೆಂದು ಅವನು ನುಡಿದನು. ಹಾಗಾದರೆ ತಮ್ಮ ಕೈಹಿಡಿಯೆಂದು ಅವರು ಬೇಡಿದರು. ಅದುವರೆಗೆ ಪ್ರಸನ್ನವಾಗಿದ್ದ ಅರಸನ ಮುಖ ಒಮ್ಮೆಗೇ ಬದಲಾಯಿತು.

ಕನ್ನಡ ಸಾಹಿತ್ಯದಲ್ಲಿ ಚಿರಸ್ಮರಣೀಯವಾದ ವಾದವು ಇಲ್ಲಿ ನಡೆಯುತ್ತದೆ. ಹುಟ್ಟಿನ ಹೊಲೆಯನ್ನು ಮುಂದೊಡ್ಡಿದ ರಾಜನಿಗೆ ಕನ್ಯೆಯರು ಅವನ ಇಂದ್ರಿಯಗಳನ್ನೇ ಸಾಕ್ಷಿಗೆ ಕರೆಯುತ್ತಾರೆ. ತಮ್ಮ ಹಾಡನ್ನು ಕಿವಿ ಉಂಡಿತು, ರೂಪವನ್ನು ಕಣ್ಣು ಉಂಡಿತು, ತಮ್ಮೊಡನೆ ನಾಲಗೆ ಮಾತನಾಡಿತು. ಇವಾವುದಕ್ಕೂ ತಟ್ಟದ ಮೈಲಿಗೆಯು ಕೈ ತಾಗುವುದಕ್ಕೆ ಮಾತ್ರ ಹೇಗೆ ಬಂದಿತೆಂಬುದು ಅವರ ಪ್ರಶ್ನೆ. ಪಂಚೇಂದ್ರಿಯಗಳಲ್ಲಿ ನಾಲ್ಕು ಒಪ್ಪಿಕೊಂಡುದನ್ನು ಐದನೆಯದು ಒಲ್ಲೆನೆಂದರೆ ಆ ನಿಷೇಧವು ದೇಹಧರ್ಮವಲ್ಲ, ಲೋಕವು ಕಟ್ಟಿದ ಕಟ್ಟಳೆ ಮಾತ್ರವೆಂದು ಇದರಿಂದ ಸಿದ್ಧವಾಗುತ್ತದೆ. ಈ ತರ್ಕಕ್ಕೆ ರಾಜನಲ್ಲಿ ಉಪಮಾನಗಳಿದ್ದುವು, ಸಮರ್ಪಕವಾದ ಉತ್ತರವಿರಲಿಲ್ಲ. ಉತ್ತರವಿಲ್ಲದವನು ಕೋಪವನ್ನು ಆಶ್ರಯಿಸುತ್ತಾನೆ. ಹರಿಶ್ಚಂದ್ರನು ಅವರನ್ನು ದಂಡಿಸಿ ಅಟ್ಟಿಬಿಟ್ಟನು.

ಕವಿಯು ಈ ಕನ್ಯೆಯರನ್ನು ಗೆಲ್ಲಿಸಲಿಲ್ಲವೆಂಬುದು ನಿಜ. ಅವರು ಋಷಿಯ ಕೋಪದ ಸೃಷ್ಟಿ. ರಾಜನನ್ನು ಸತ್ಯದಿಂದ ಕೆಡವಲು ಬಂದವರು. ಆತನು ಅವರನ್ನು ವರಿಸದೆ ಉಳಿದುದನ್ನು ಕಾವ್ಯವು ಧೈರ್ಯವೆಂದೇ ಎಣಿಸುತ್ತದೆ. ಆ ಮಟ್ಟಿಗೆ ಕಾವ್ಯದಲ್ಲಿಯೂ ಅದರ ಕಾಲದ ಕಟ್ಟಳೆ ಪ್ರತಿಬಿಂಬಿಸಿದೆ. ಆದರೂ ಅವರ ಬಾಯನ್ನು ಕವಿಯು ಕಟ್ಟಲಿಲ್ಲ. ಲೋಕದಲ್ಲಿ ಮಾತನಾಡಲು ಅವಕಾಶವಿಲ್ಲದವರಿಗೆ ಕಾವ್ಯದಲ್ಲಿ ಪೂರ್ಣವಾಗಿ ಮಾತನಾಡಲು ಅವಕಾಶವನ್ನು ಕೊಟ್ಟನು. ಅದೂ ಚಕ್ರವರ್ತಿಯ ಎದುರಿನಲ್ಲಿ, ಅವನ ಮಾತಿಗೆ ಸರಿಮಿಗಿಲಾದ ಮಾತಿನಲ್ಲಿ. ಅವರ ಪ್ರಶ್ನೆಯನ್ನು ಹಗುರಾಗಿಸಿ ನಗೆಗೀಡು ಮಾಡುವುದು ಕವಿಗೆ ಸುಲಭವಾಗಿತ್ತು. ಆತನು ಹಾಗೆ ಮಾಡಲಿಲ್ಲ. ಅಟ್ಟಿದರೂ ಹೋಗದೆ ಅದು ಕೇಳುಗನ ಮನಸ್ಸಿನಲ್ಲಿ ಉಳಿಯಿತು. ಎಂಟು ಶತಮಾನಗಳ ಬಳಿಕವೂ ಉಳಿದಿದೆ.

ಮುಂದಿನ ಕಥೆಯು ಆ ಪ್ರಶ್ನೆಗೆ ಬಾಳಿನಿಂದಲೇ ಉತ್ತರವನ್ನು ಹೊರಡಿಸುತ್ತದೆ. ಕನ್ಯೆಯರನ್ನು ವರಿಸೆಂದು ವಿಶ್ವಾಮಿತ್ರನು ಬಲಾತ್ಕರಿಸಿದಾಗ ಹರಿಶ್ಚಂದ್ರನು ಅದಕ್ಕಿಂತ ರಾಜ್ಯವನ್ನು ಬಿಡುವುದೇ ಲೇಸೆಂದು ರಾಜ್ಯವನ್ನು ಧಾರೆಯೆರೆದನು. ಯಾವ ಸತ್ತಿಗೆಯನ್ನು ಅನಾಮಿಕರಿಗೆ ಕೊಡಲಾರೆನೆಂದನೋ ಆ ಸತ್ತಿಗೆಯ ನೆರಳೂ ಅವನಿಗೆ ಇಲ್ಲವಾಯಿತು. ನ್ಯಾಸವಿದ್ದ ಹೊನ್ನಿನ ಋಣ ಮಾತ್ರ ಉಳಿಯಿತು. ಸಾಲವನ್ನು ವಸೂಲು ಮಾಡಲು ನಕ್ಷತ್ರಿಕನು ಬೆನ್ನಹಿಂದೆ ಬಂದನು. ಕಾಶಿಯ ಬೀದಿಯಲ್ಲಿ ಚಂದ್ರಮತಿಯೂ ಲೋಹಿತಾಶ್ವನೂ ಬ್ರಾಹ್ಮಣನೊಬ್ಬನಿಗೆ ಮಾರಾಟವಾದರು. ಉಳಿದ ಹೊನ್ನಿಗಾಗಿ ಹರಿಶ್ಚಂದ್ರನು ತನ್ನನ್ನೇ ಮಾರಿಕೊಳ್ಳಬೇಕಾಯಿತು. ಆಗ ಬೆಲೆಯನ್ನು ಕೊಡಲು ಮುಂದೆ ಬಂದವನು ಸುಡುಗಾಡನ್ನು ಕಾಯುವ ವೀರಬಾಹುಕನೆಂಬ ಅನಾಮಿಕನು. ಸೂರ್ಯವಂಶದ ಅಭಿಮಾನವು ಒಡನೆ ಒಪ್ಪಲಿಲ್ಲ. ಆದರೆ ಕೊಟ್ಟ ಮಾತು ಒಪ್ಪಿಸಿತು. ಅನಾಮಿಕರನ್ನು ಮುಟ್ಟಲಾರೆನೆಂದವನು ಅನಾಮಿಕನ ಆಳಾದನು. ಅವನ ಅನ್ನವನ್ನು ಉಂಡನು, ಅವನ ಆಜ್ಞೆಯನ್ನು ತಲೆಯಲ್ಲಿ ಹೊತ್ತನು, ಹೆಣದ ತೆರೆಯನ್ನು ಅವನಿಗಾಗಿ ಎತ್ತಿದನು. ಸತ್ಯಕ್ಕಾಗಿ ರಾಜ್ಯವನ್ನು ಬಿಡುವುದಕ್ಕಿಂತ ಸತ್ಯಕ್ಕಾಗಿ ಕುಲಮದವನ್ನು ಬಿಡುವುದು ಅವನಿಗೆ ಕಠಿಣವಾಯಿತೆಂದು ಈ ಕಥೆಯ ನಡೆಯೇ ಹೇಳುತ್ತದೆ. ಎರಡನ್ನೂ ಬಿಟ್ಟ ಮೇಲಲ್ಲವೆ ಶಿವನು ಅವನಿಗೆ ಮೈದೋರಿದುದು!

ಚಂದ್ರಮತಿಯ ಪಾಡನ್ನು ಕವಿಯು ಮರೆಯಲಿಲ್ಲ. ಪಂತವನ್ನು ಕಟ್ಟಿದವಳೂ ಅಲ್ಲ, ದಾನವನ್ನು ಕೊಟ್ಟವಳೂ ಅಲ್ಲ, ಆದರೂ ಮೊದಲು ಮಾರಾಟವಾದವಳು ಅವಳು. ದಾಸಿಯಾಗಿ ದುಡಿಯುತ್ತಿರಲು ಹಾವು ಕಚ್ಚಿ ಮಗನು ಸತ್ತನು. ಒಡೆಯನ ಮನೆಯ ಕೆಲಸವನ್ನು ಮುಗಿಸಿದ ಬಳಿಕವೇ ಮಗನ ಹೆಣವನ್ನು ಹುಡುಕಿ ಹೋಗಲು ಅವಳಿಗೆ ಬಿಡುವು ದೊರೆಯಿತು. ಇರುಳಿನಲ್ಲಿ ಒಬ್ಬಳೇ ಹೆಣವನ್ನು ಹೊತ್ತು ಸುಡುಗಾಡಿಗೆ ಬಂದರೆ ಅಲ್ಲಿ ತೆರೆಯನ್ನು ಕೇಳಿದವನು ಪತಿಯೇ. ಅಷ್ಟು ಸಾಲದೆಂಬಂತೆ ಕಾಶೀರಾಜನ ಮಗನನ್ನು ಕೊಂದಳೆಂಬ ಅಪವಾದ ಅವಳ ಮೇಲೆ ಬಂದಿತು. ದಿಕ್ಕಿಲ್ಲದ ದಾಸಿಯ ಮಾತನ್ನು ಕೇಳುವವರಿರಲಿಲ್ಲ. ಆಕೆಯ ತಲೆಯನ್ನು ಹೊಡೆಯುವ ಕೆಲಸ ಹರಿಶ್ಚಂದ್ರನ ಪಾಲಿಗೆ ಬಂದಿತು. ಖಡ್ಗವನ್ನು ಎತ್ತಿದಾಗ ಕಾಶಿಯ ವಿಶ್ವೇಶ್ವರನು ಪ್ರತ್ಯಕ್ಷನಾದನು. ಲೋಹಿತಾಶ್ವನು ಜೀವಿಸಿದನು, ರಾಜ್ಯವು ಮರಳಿತು, ವಿಶ್ವಾಮಿತ್ರನು ಸೋಲನ್ನು ಒಪ್ಪಿ ಪಂತದಂತೆ ತಪಸ್ಸಿನ ಫಲವನ್ನು ಕೊಟ್ಟನು. ಸತ್ಯವೂ ಶಿವನೂ ಬೇರೆಯಲ್ಲವೆಂಬುದೇ ಕಾವ್ಯದ ತಿರುಳೆಂದು ಕೇಳುಗರಿಗೆ ಮನವರಿಕೆಯಾಯಿತು.

ಇಂತಹ ಕಾವ್ಯವನ್ನು ಬರೆದ ಕವಿಯ ಬಾಳಿನಲ್ಲಿಯೂ ಮಹತ್ವಾಕಾಂಕ್ಷೆಯ ಪರೀಕ್ಷೆಯೊಂದು ನಡೆಯಿತೆಂದು ವೀರಶೈವ ಐತಿಹ್ಯವು ಹೇಳುತ್ತದೆ. 17ನೆಯ ಶತಮಾನದ ವೀರಶೈವ ಕವಿಗಳು ರಾಘವಾಂಕನ ಚರಿತೆಯನ್ನೇ ಕಾವ್ಯವಾಗಿ ಹಾಡಿರುವರು. ಅವುಗಳಿಂದ ತಿಳಿದುಬರುವಂತೆ, ರಾಘವಾಂಕನು ಹರಿಶ್ಚಂದ್ರ ಕಾವ್ಯವನ್ನು ಹಂಪೆಯ ದೇವರಾಜನ ಆಸ್ಥಾನದಲ್ಲಿ ಓದಿದನು. ವಿದ್ವಾಂಸರು ತಲೆದೂಗಿದರು, ಮನ್ನಣೆಯೂ ಜಯಪತ್ರವೂ ದೊರೆತುವು. ಆ ಸಂಭ್ರಮದಲ್ಲಿ ಆತನು ಗುರುವಿನ ಬಳಿಗೆ ಬಂದನು. ಹರಿಹರನು ಮೆಚ್ಚಲಿಲ್ಲ. ವಿರೂಪಾಕ್ಷನನ್ನೂ ಶಿವಶರಣರನ್ನೂ ಹಾಡಬೇಕಾದ ನಾಲಗೆಯು ಮರ್ತ್ಯನಾದ ರಾಜನೊಬ್ಬನನ್ನು ಹಾಡಿತಲ್ಲಾ ಎಂದು ಕನಲಿ, ಪಾದರಕ್ಷೆಯಿಂದ ಹೊಡೆದನು. ಶಿಷ್ಯನ ಐದು ಹಲ್ಲುಗಳು ಉದುರಿದುವು. ಶಿಷ್ಯನು ತಿರುಗಿ ಮಾತನಾಡದೆ ಗುರುಪಾದವನ್ನು ಹಿಡಿದನು. ಶಿವಪರವಾದ ಐದು ಕಾವ್ಯಗಳನ್ನು ಬರೆದರೆ ಹಲ್ಲುಗಳು ಮರಳುವುವೆಂದು ಗುರುವು ಕರುಣಿಸಿದನು. ಒಂದೊಂದು ಕಾವ್ಯ ಮುಗಿದಂತೆ ಒಂದೊಂದು ಹಲ್ಲು ಬಂದಿತೆಂಬುದು ಕಥೆ.

ಈ ಐತಿಹ್ಯವನ್ನು ಅಕ್ಷರಶಃ ಗ್ರಹಿಸುವುದಕ್ಕಿಂತ ಅದರ ಹುರುಳನ್ನು ಗ್ರಹಿಸುವುದು ಉಚಿತ. ಅರಮನೆಯನ್ನು ತೊರೆದು ಬಂದ ಗುರುವು ಶಿಷ್ಯನು ಅರಮನೆಯ ಕಡೆಗೆ ಮುಖ ಮಾಡಿದುದನ್ನು ಕಂಡು ನೊಂದನು. ರಾಜಸಭೆಯ ಜಯಪತ್ರವು ಕವಿಗೆ ಮುತ್ತಿನ ಸತ್ತಿಗೆಯಂತೆಯೇ ಅಲ್ಲವೆ? ಹರಿಶ್ಚಂದ್ರನಿಗೆ ಕುಲಮದವಿದ್ದಂತೆ ಕವಿಗೆ ಕವಿತ್ವಮದ ಬರುವ ಭಯವಿತ್ತು. ಹಲ್ಲು ಉದುರಿತೆಂದರೆ ಮದವು ಉದುರಿತೆಂದು ತಿಳಿಯಬಹುದು. ಆದರೆ ಒಂದು ಸಂಗತಿ ಗಮನಾರ್ಹ. ಗುರುವಿನ ಆಜ್ಞೆಯನ್ನು ಶಿರಸಾವಹಿಸಿದ ರಾಘವಾಂಕನ ಹರಿಶ್ಚಂದ್ರ ಕಾವ್ಯವು ನಾಶವಾಗಲಿಲ್ಲ. ಗುರುವಿನ ನಿಷ್ಠುರತೆಯನ್ನು ಗೌರವಿಸಿದ ಸಮಾಜವೇ ಶಿಷ್ಯನ ಕಾವ್ಯವನ್ನೂ ಓಲೆಗರಿಗಳಲ್ಲಿ ಪ್ರತಿಮಾಡಿ ಕಾಪಾಡಿತು. ರಾಜನೊಬ್ಬನ ಕಥೆಯಾದರೂ ಅದು ರಾಜಸ್ತುತಿಯಲ್ಲ. ರಾಜತ್ವವು ಕಳಚಿಬಿದ್ದ ಮೇಲೆ ಮನುಷ್ಯನಲ್ಲಿ ಉಳಿಯುವುದೇನೆಂಬುದರ ಶೋಧನೆ. ಇದನ್ನು ಕಾಲವು ಕಂಡುಕೊಂಡಿತು.

ಗುರುವಿನ ಆಜ್ಞೆಯಂತೆ ರಚಿತವಾದ ಕಾವ್ಯಗಳಲ್ಲಿ ಸೋಮನಾಥ ಚರಿತೆ, ವೀರೇಶ ಚರಿತೆ, ಸಿದ್ಧರಾಮ ಚರಿತ್ರೆಗಳು ಇಂದಿಗೂ ಉಳಿದಿವೆ. ಶರಭ ಚಾರಿತ್ರ ಮತ್ತು ಹರಿಹರ ಮಹತ್ವಗಳು ಹೆಸರಿನಿಂದ ಮಾತ್ರ ತಿಳಿದಿವೆ. ಸೋಮನಾಥ ಚರಿತೆಯು ಸೌರಾಷ್ಟ್ರದಿಂದ ಬಂದ ಆದಯ್ಯನೆಂಬ ಶಿವಭಕ್ತನು ಪುಲಿಗೆರೆಯಲ್ಲಿ ಸೋಮನಾಥನನ್ನು ನೆಲೆಗೊಳಿಸಿದ ಕಥೆ. ಮತಮತಗಳ ಸ್ಪರ್ಧೆ ತೀವ್ರವಾಗಿದ್ದ ಕಾಲದ ಕಾವು ಅದರಲ್ಲಿದೆ. ಪುಲಿಗೆರೆಯೆಂದರೆ ಈಗಿನ ಲಕ್ಷ್ಮೇಶ್ವರ. ಉದ್ದಂಡ ಷಟ್ಪದಿಯಲ್ಲಿರುವ ವೀರೇಶ ಚರಿತೆಯಲ್ಲಿ ದಕ್ಷಯಜ್ಞದ ಧ್ವಂಸವಿದೆ. ಎಲ್ಲ ದೇವತೆಗಳನ್ನೂ ಕರೆದು ಶಿವನೊಬ್ಬನನ್ನು ಮಾತ್ರ ಹೊರಗೆ ಇರಿಸಿದ ದಕ್ಷನ ಯಾಗವು ಹಾಳಾಯಿತು. ಯಾವ ಪಂಕ್ತಿಯಲ್ಲಿ ಒಬ್ಬನನ್ನು ಅವಮಾನಿಸಿ ಹೊರಗೆ ನಿಲ್ಲಿಸಲಾಗುವುದೋ ಅಲ್ಲಿ ಎಷ್ಟು ಮಂತ್ರವಿದ್ದರೂ ಮಂಗಳವಿಲ್ಲವೆಂದು ಈ ಕಥೆಯಿಂದ ತಿಳಿಯಬೇಕು.

ಸಿದ್ಧರಾಮ ಚರಿತ್ರೆಯಲ್ಲಿ ಕವಿಯು ಮಹತ್ವಾಕಾಂಕ್ಷೆಯ ಇನ್ನೊಂದು ಮುಖವನ್ನು ತೋರಿಸಿದನು. ಸೊನ್ನಲಿಗೆಯ ಮುಗ್ಧ ಬಾಲಕನೊಬ್ಬನು ಹೊಲವನ್ನು ಕಾಯುತ್ತಿರಲು ಮಲ್ಲಯ್ಯನು ಜಂಗಮರೂಪದಲ್ಲಿ ಬಂದು ಉಣಲು ಬೇಡಿದನು. ಬಾಲಕನು ಮೊಸರನ್ನವನ್ನು ತರುವಷ್ಟರಲ್ಲಿ ಜಂಗಮನು ಮಾಯವಾಗಿದ್ದನು. ಮಲ್ಲಯ್ಯನನ್ನು ಅರಸುತ್ತ ಬಾಲಕನು ಶ್ರೀಶೈಲದವರೆಗೂ ಹೋದನು. ಕಾಣದೆ ಕಮರಿಗೆ ಧುಮುಕಲು ಹೊರಟಾಗ ಮಲ್ಲಿಕಾರ್ಜುನನು ಕೈಹಿಡಿದನು. ಮರಳಿ ಬಂದ ಸಿದ್ಧರಾಮನು ಸೊನ್ನಲಿಗೆಯಲ್ಲಿ ಗುಡಿಗಳನ್ನು ಕಟ್ಟಿಸಿದನು, ಕೆರೆಯನ್ನು ತೋಡಿಸಿದನು. ಕೆರೆಯ ನೀರು ಕುಲವನ್ನು ಕೇಳುವುದಿಲ್ಲ. ಪಶುಪಕ್ಷಿಗಳಿಗೂ ಅದು ಸಮಾನ. ಗೆಲ್ಲಬೇಕೆಂಬ ಬಯಕೆಯು ವಿಶ್ವಾಮಿತ್ರನಲ್ಲಿ ಪರಪೀಡೆಯಾದರೆ, ಮಾಡಬೇಕೆಂಬ ಬಯಕೆಯು ಸಿದ್ಧರಾಮನಲ್ಲಿ ಪರೋಪಕಾರವಾಯಿತು.

ಪರೋಪಕಾರದಲ್ಲಿಯೂ ನಾನು ಮಾಡಿದೆನೆಂಬ ಅಹಂಭಾವವು ಅಡಗಿರಬಹುದೆಂಬ ಇನ್ನೂ ಸೂಕ್ಷ್ಮವಾದ ಮಾತನ್ನು ಮುಂದೆ 15ನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯು ಎತ್ತಿತು. ಅಲ್ಲಿ ಬಳ್ಳಿಗಾವೆಯ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಕಲ್ಲುಮಣ್ಣುಗಳ ಕೆಲಸದಲ್ಲಿಯೇ ನಿಂತುಬಿಟ್ಟಿದ್ದ ಸಿದ್ಧರಾಮನನ್ನು ಎಚ್ಚರಿಸಿ, ಕಲ್ಯಾಣಕ್ಕೆ ಕರೆದೊಯ್ಯುತ್ತಾರೆ. ರಾಘವಾಂಕನು ಕರ್ಮಯೋಗಿಯ ಹಿರಿಮೆಯನ್ನು ಹಾಡಿದನು. ಶೂನ್ಯಸಂಪಾದನೆಯು ಆ ಹಿರಿಮೆಯನ್ನೂ ದಾಟಬೇಕೆಂದಿತು. ಎರಡನ್ನೂ ಜೊತೆಯಲ್ಲಿ ಓದಿದವರಿಗೆ ಕಾಯಕದ ಮರ್ಮ ತಿಳಿಯುತ್ತದೆ. ಕೆರೆಯನ್ನು ಕಟ್ಟಬೇಕು, ಕಟ್ಟಿದವನೆಂಬ ಹೆಸರನ್ನು ಮನಸ್ಸಿನಲ್ಲಿ ಕೆತ್ತಿಕೊಳ್ಳಬಾರದು.

ರಾಘವಾಂಕನು ಬಳಿಕ ಓರುಗಲ್ಲಿನ ಆಸ್ಥಾನಕ್ಕೆ ಹೋಗಿ ಅಲ್ಲಿನ ಕವಿಗಳನ್ನು ವಾದದಲ್ಲಿ ಗೆದ್ದನೆಂದೂ, ಕೊನೆಗೆ ಬೇಲೂರಿಗೆ ಬಂದು ಅಲ್ಲಿಯೇ ಶಿವೈಕ್ಯನಾದನೆಂದೂ ಐತಿಹ್ಯವುಂಟು. ಗುರುವು ಅರಮನೆಯ ಸೇವೆಯನ್ನು ತೊರೆದು ಹೊರಟುಬಂದ ಹೊಯ್ಸಳ ಸೀಮೆಯಲ್ಲಿಯೇ ಶಿಷ್ಯನು ಕೊನೆಯುಸಿರೆಳೆದನು. ಹಂಪೆಯಲ್ಲಿ ತೊಡಗಿದ ಬಾಳು ಹೀಗೆ ಮುಗಿಯಿತು.

ಆತನ ಕಾವ್ಯವು ಮಾತ್ರ ಮುಗಿಯಲಿಲ್ಲ. ಊರೂರಿನ ಗುಡಿಗಳಲ್ಲಿಯೂ ಮಠಗಳಲ್ಲಿಯೂ ಗಮಕಿಗಳು ಹರಿಶ್ಚಂದ್ರನ ಕಥೆಯನ್ನು ಓದಿದರು. ಅಕ್ಷರ ಬಾರದವರು ಕೇಳಿ ಕಣ್ಣೀರಿಟ್ಟರು. ಶಿವಮೊಗ್ಗೆಯ ಬಳಿಯ ಹೊಸಹಳ್ಳಿಯಂತಹ ಊರುಗಳು ಕಾವ್ಯವಾಚನದ ಪರಂಪರೆಯನ್ನು ಇಂದಿಗೂ ಉಳಿಸಿಕೊಂಡಿವೆ. ಟಿ. ಎಸ್. ವೆಂಕಣ್ಣಯ್ಯನವರೂ ಎ. ಆರ್. ಕೃಷ್ಣಶಾಸ್ತ್ರಿಗಳೂ ಸಿದ್ಧಪಡಿಸಿದ ಹರಿಶ್ಚಂದ್ರ ಕಾವ್ಯ ಸಂಗ್ರಹವು ವಿದ್ಯಾರ್ಥಿಗಳಿಗೂ ಗೃಹಸ್ಥರಿಗೂ ಕಾವ್ಯವನ್ನು ಸುಲಭವಾಗಿಸಿತು. ಹರಿಶ್ಚಂದ್ರನ ಕಥೆಯ ಪ್ರಭಾವವಾದರೋ ನಾಡಿನ ಗಡಿಯನ್ನು ಮೀರಿದುದು. ಬಾಲ್ಯದಲ್ಲಿ ಹರಿಶ್ಚಂದ್ರ ನಾಟಕವನ್ನು ನೋಡಿ ಮನಸ್ಸು ಕರಗಿದುದನ್ನು ಮಹಾತ್ಮಾ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. 1913ರಲ್ಲಿ ದಾದಾಸಾಹೇಬ ಫಾಲ್ಕೆಯವರು ತಯಾರಿಸಿದ ಭಾರತದ ಮೊದಲ ಪೂರ್ಣ ಕಥಾಚಿತ್ರದ ವಸ್ತುವೂ ಇದೇ. ಲೋಕವೆಲ್ಲ ಈ ಕಥೆಯಲ್ಲಿ ಸತ್ಯವನ್ನು ಕಂಡಿತು. ಕನ್ನಡದ ಕವಿಯು ಸತ್ಯದ ಜೊತೆಗೆ ಸಮತೆಯ ಪ್ರಶ್ನೆಯನ್ನೂ ಅದರಲ್ಲಿ ಹೆಣೆದನೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯ.

ಹೆಮ್ಮೆಪಟ್ಟರೆ ಸಾಲದು, ಉತ್ತರವನ್ನೂ ಕೊಡಬೇಕು. 1950ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನವು ತನ್ನ 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ನಿರ್ಮೂಲಗೊಳಿಸಿತು. 1955ರಲ್ಲಿ ಅದರ ಆಚರಣೆಯನ್ನು ದಂಡನಾರ್ಹ ಅಪರಾಧವಾಗಿಸಿದ ಕಾಯಿದೆ ಬಂದಿತು. ಅನಾಮಿಕ ಕನ್ಯೆಯರ ಪ್ರಶ್ನೆಗೆ ರಾಜ್ಯವು ಹೀಗೆ ಉತ್ತರವನ್ನು ಕೊಟ್ಟಿದೆ. ಮನೆಯ ಹೊಸ್ತಿಲು ಕೊಡಬೇಕಾದ ಉತ್ತರವು ಬೇರೆ. ದುಡಿಮೆಯ ಆಳಿಗೆ ಬೇರೆ ಲೋಟವನ್ನು ಇರಿಸುವ ಮನೆಯಲ್ಲಿ ಹರಿಶ್ಚಂದ್ರನ ಕಥೆಯನ್ನು ಓದಿಸಿದರೆ ಫಲವೇನು? ಹಾಡಿಗೆ ತಲೆದೂಗಿ, ಬೆಳೆದ ಅನ್ನವನ್ನು ಉಂಡು, ಕಟ್ಟಿದ ಮನೆಯಲ್ಲಿ ವಾಸಿಸಿ, ಹಾಡಿದವನನ್ನೂ ಬೆಳೆದವನನ್ನೂ ಕಟ್ಟಿದವನನ್ನೂ ಮಾತ್ರ ದೂರ ನಿಲ್ಲಿಸುವುದು ಆ ರಾಜನು ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತೆ. ಅವನಿಗಾದರೆ ತಪ್ಪನ್ನು ತಿದ್ದಿಕೊಳ್ಳಲು ಕಾಶಿಯ ಸುಡುಗಾಡು ದೊರೆಯಿತು.

ಲಿಂಗವನ್ನು ಎದೆಯ ಮೇಲೆ ಧರಿಸಿದವನು ಪ್ರತಿನಿತ್ಯವೂ ಸಮತೆಯ ಸಾಕ್ಷಿಯನ್ನು ಹೊತ್ತು ನಡೆಯುತ್ತಾನೆ. ಎಲ್ಲ ಕುಲಗಳಿಂದ ಬಂದವರ ಅಂಗದ ಮೇಲೆಯೂ ಶರಣರು ಅದೇ ಲಿಂಗವನ್ನು ಕಟ್ಟಿದರೆಂಬುದನ್ನು ಆತನು ಮರೆಯುವಂತಿಲ್ಲ. ಸತ್ಯವನ್ನು ನುಡಿಯುವುದು ಭಕ್ತನ ಮೊದಲ ಲಕ್ಷಣ. ಆದರೆ ನಾಲಗೆಯ ಸತ್ಯವು ಕೈಗೂ ಇಳಿಯಬೇಕು. ಮುಟ್ಟಲು ಹಿಂಜರಿಯುವ ಕೈಯಿಂದ ಮಾಡಿದ ಪೂಜೆಯು ಶಿವನನ್ನು ಮುಟ್ಟಲಾರದು. ರಾಘವಾಂಕನ ಕಾವ್ಯವನ್ನು ಮನೆಮನೆಯಲ್ಲಿ ಓದಿಸುವವರು ಅನಾಮಿಕ ಕನ್ಯೆಯರ ಭಾಗವನ್ನು ದಾಟಿಸಿ ಓದದಿರಲಿ. ಓದಿದ ಮೇಲೆ ತಮ್ಮ ಮನೆಯ ಪಂಕ್ತಿಯನ್ನು ಒಮ್ಮೆ ನೋಡಿಕೊಳ್ಳಲಿ. ಆ ಕವಿಗೆ ಸಲ್ಲಿಸಬಹುದಾದ ಗೌರವ ಇದಕ್ಕಿಂತ ಬೇರೊಂದಿಲ್ಲ.